ಗೌರಮ್ಮನ ಎಣ್ಣೆಗೆ ಬಂದ ಬಾಲ

ಮೊನ್ನೆ ಹೊಸದಾಗಿ ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಒಬ್ಬಳು, "ಮೇಡಂ, ನಮ್ಮ ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ಪೀಕ್ ಸೊಟ್ಟ ಬರ್ತಿದೆ. ಸ್ಯಾಂಪಲ್ಲೇ ಕಲಬೆರಕೆ ಇರಬೇಕು" ಅಂದಳು. ನನಗೆ ಎಲ್ಲಿತ್ತೋ ಆವೇಶ, ಕುರ್ಚಿಯಿಂದ ಎದ್ದೇಬಿಟ್ಟೆ! "ಯಂತ್ರ ಬಿಚ್ಚಿ ನೋಡಿದೆಯೇನೇ ಮಾರಾಯ್ತಿ? ಶುದ್ಧವಾದದ್ದು ಏನಾದರೂ ಹಾಕಿ ನೋಡಿದೆಯಾ?" ಎಂದೆ. ಅವಳು ಗೆಳತಿಯ ಮುಖ ನೋಡಿದಳು. ಆಗ ಹೇಳಲು ಶುರುಮಾಡಿದ ಕಥೆ ಅವರ ಬಸ್ಸಿನ ಹೊತ್ತಾಯಿತೆಂದು ಅರ್ಧಕ್ಕೇ ನಿಂತಿತು. ಅದನ್ನು ಪೂರ್ತಿ ಹೇಳದೆ ನನಗೆ ನಿದ್ದೆ ಬರುವಂತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವುದು ಯಾಕೆ ತಪ್ಪಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ, ಅಂದರೆ ಶಿರಾಳಕೊಪ್ಪಕ್ಕೆ, ಬಂದು ಕೂತಿದ್ದೆ. ಓದಿದ ಹೆಣ್ಣುಮಗಳು ಎಂದರೆ ಶಾಲೆಯ ಟೀಚರೇ ಆಗಬೇಕು ಎಂದು ಊರಿಗೆ ಊರೇ ತೀರ್ಮಾನಿಸಿತ್ತು. ಆನವಟ್ಟಿ ರಸ್ತೆಯಲ್ಲಿ ಒಬ್ಬ ಸಾಹುಕಾರರ ಎಣ್ಣೆಮನೆ ಇತ್ತು. ಅಡುಗೆ ಎಣ್ಣೆಯದಲ್ಲ, ಪರಿಮಳದ ಎಣ್ಣೆಯದು. ಸೊರಬದ ಕಡೆಯ ಗುಡ್ಡಗಳಲ್ಲಿ, ಹೊಲದ ಬದುಗಳಲ್ಲಿ ಬೆಳೆಯುವ ಮಜ್ಜಿಗೆ ಹುಲ್ಲನ್ನು ಹಂಡೆಯಲ್ಲಿ ತುಂಬಿ ಬಟ್ಟಿ ಇಳಿಸಿದರೆ ನಿಂಬೆಯಂಥ ಘಮದ ಎಣ್ಣೆ ಬರುತ್ತದೆ. ಎಣ್ಣೆಮನೆಯಲ್ಲೂ ದೊಡ್ಡ ಹಂಡೆಗಳಿದ್ದವು, ಸುತ್ತಲಿನ ರೈತರೂ ತಮ್ಮ ಸಣ್ಣ ಹಂಡೆಗಳಲ್ಲಿ ಇಳಿಸಿ ಸಂತೆಯ ದಿನ ತಂದು ತೂಗಿಸುತ್ತಿದ್ದರು. ಸೋಪು, ಸೆಂಟು ಮಾಡುವವರು ದೂರದ ಪಟ್ಟಣಗಳಿಂದ ಕೊಳ್ಳುತ್ತಿದ್ದರು. ಅಲ್ಲಿ ಎಣ್ಣೆ ಪರೀಕ್ಷಿಸಲು ಒಬ್ಬ ಸಹಾಯಕರು ಬೇಕು ಎಂದು ಸುದ್ದಿ ಬಂತು. ಅಪ್ಪ ಶಾಲಾ ಮಾಸ್ತರರು. "ಹೋಗಿ ನೋಡು, ಬೇಡ ಅನಿಸಿದ್ರೆ ಬಂದುಬಿಡು" ಅಂದರು. ಹೋದವಳು ಬರಲೇ ಇಲ್ಲ ಎನ್ನಬೇಕು! ಎಣ್ಣೆ ತರುವ ರೈತರೆಲ್ಲ ನನ್ನನ್ನು ಮೊದಲ ದಿನದಿಂದ 'ಅಕ್ಕೋರೆ' ಎಂದೇ ಕರೆದರು. ಶಾಲೆಯ ಟೀಚರಿಗೆ ಕರೆಯುವ ಹೆಸರು ಅದು. ಕೊನೆಗೂ ಊರಿನ ತೀರ್ಮಾನವೇ ಗೆದ್ದಿತು.

ನನ್ನ ಮೇಲಿನವರು ಡಾಕ್ಟರು. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಇಂಗ್ಲೆಂಡಿನಲ್ಲಿ ರಸಾಯನಶಾಸ್ತ್ರ ಓದಿ ಬಂದವರು. ಮೈಸೂರಿನ ಕಡೆಯವರು, ಹೆಸರು ವೆಂಕಟಾಚಲಯ್ಯ. ಇಂಗ್ಲೆಂಡಿನಲ್ಲಿ ಆಗಷ್ಟೇ ಹೊಸದಾಗಿ ಬಂದಿದ್ದ ಈ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರವನ್ನು ನೋಡಿ ಅದರ ಮೇಲೆ ಮೋಹ ಹತ್ತಿಸಿಕೊಂಡು ಬಂದಿದ್ದರು. ಕೊಳ್ಳುವ ಮಾತೇ ಇರಲಿಲ್ಲ. ಆದ್ದರಿಂದ ತಾವೇ ಕಟ್ಟಲು ಕೂತರು. ನಾನು ಕೆಲಸಕ್ಕೆ ಸೇರಿದ ದಿನ ಅವರು ಮೇಜಿನ ಕೆಳಗೆ ಮಲಗಿ ತಂತಿ ಜೋಡಿಸುತ್ತಿದ್ದರು. ನನಗೆ ಕಂಡದ್ದು ಎರಡು ಕಾಲು ಮಾತ್ರ. "ಬಂದೆಯಾ? ಆ ಇಕ್ಕಳ ಕೊಡು" ಎಂದು ಕಾಲುಗಳು ಮಾತಾಡಿದವು. ಅದೇ ನನ್ನ ಸಂದರ್ಶನ.

ಯಂತ್ರ ಹೇಗಿತ್ತು ಕೇಳಿ. ಸುರುಳಿ ಸುತ್ತಿದ ಉದ್ದನೆಯ ತಾಮ್ರದ ಕೊಳವೆ. ಅದರೊಳಗೆ ಬೆಂಕಿ ತಾಳುವ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಆವಿಯಾಗದ ಜಿಡ್ಡು ಸವರಿ ತುಂಬಿದ ಪುಡಿ. ಕೊಳವೆಯನ್ನು ಬಿಸಿಯಾಗಿಟ್ಟು ಒಂದು ತುದಿಯಿಂದ ಸಿಲಿಂಡರಿನ ನೈಟ್ರೋಜನ್ ಅನಿಲವನ್ನು ಹಾಯಿಸುವುದು. ಅದೇ ತುದಿಯಲ್ಲಿ ಸೂಜಿಯಿಂದ ಎಣ್ಣೆಯ ಒಂದು ಸಣ್ಣ ಹನಿ ಚುಚ್ಚುವುದು. ಹನಿ ಆವಿಯಾಗಿ ಅನಿಲದ ಜೊತೆ ಹೊರಡುತ್ತದೆ. ಎಣ್ಣೆಯೊಳಗೆ ಇರುವ ಬೇರೆ ಬೇರೆ ವಸ್ತುಗಳು ಆ ಜಿಡ್ಡಿನಲ್ಲಿ ಹೆಚ್ಚು ಕಡಿಮೆ ತಡೆಯುತ್ತಾ ಇನ್ನೊಂದು ತುದಿಗೆ ಒಂದಾದ ಮೇಲೆ ಒಂದು ಬರುತ್ತವೆ. ಅಲ್ಲಿ ಹಿತ್ತಾಳೆಯ ಗಟ್ಟಿಯೊಳಗೆ ಬಿಸಿ ತಂತಿಯೊಂದು ಕಾದಿರುತ್ತದೆ. ಆವಿ ತಾಗಿದರೆ ಅದರ ಬಿಸಿ ಬದಲಾಗುತ್ತದೆ, ಅದಕ್ಕೆ ಜೋಡಿಸಿದ ಮೀಟರು ಅಲ್ಲಾಡುತ್ತದೆ. ಮೀಟರು ಏರುವುದನ್ನೂ ಇಳಿಯುವುದನ್ನೂ ಡಾಕ್ಟರು ಕೂಗಿ ಹೇಳುವುದು, ನಾನು ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಡುವುದು. ಚುಕ್ಕಿಗಳನ್ನು ಸೇರಿಸಿದರೆ ಒಂದು ಗುಡ್ಡ! ಡಾಕ್ಟರು ಪೀಕ್ ಅನ್ನುತ್ತಿದ್ದರು, ಉಳಿದ ನಾವೆಲ್ಲ ಗುಡ್ಡ ಎನ್ನುತ್ತಿದ್ದೆವು. ಎರಡು ಬದಿಯೂ ಒಂದೇ ಸಮ ಇಳಿಜಾರಾಗಿದ್ದರೆ ಅದು ಸೊಗಸಾದ ಗುಡ್ಡ. ಮೊದಲ ಸಲ ಕಾಗದದ ಮೇಲೆ ಗುಡ್ಡ ಎದ್ದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಣ್ಣಿಗೆ ಕಾಣದ ಆವಿ ತನ್ನ ಚಿತ್ರವನ್ನು ತಾನೇ ಬರೆಸಿಕೊಂಡಿತಲ್ಲ!

ಆದರೆ ಆ ಚಿತ್ರ ಸೊಗಸಾಗಿರಲಿಲ್ಲ. ಬೇಗ ಬರುವ ವಸ್ತುಗಳ ಗುಡ್ಡ ಕುಳ್ಳಗೆ, ಒಂದು ಕಡೆ ಜೋಲು ಬಿದ್ದು ಬರುತ್ತಿತ್ತು. ಡಾಕ್ಟರು ಕೊಳವೆಯ ಪುಡಿಯೇ ಸರಿಯಿಲ್ಲ ಎಂದರು. ಮತ್ತೆ ಇಟ್ಟಿಗೆ ಕುಟ್ಟಿದೆವು, ಮತ್ತೆ ಜರಡಿ ಹಿಡಿದೆವು. ನಾನು ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಿ ಗೋಡೆ ಕಟ್ಟಕ್ಕೆ ಹೋಗಿದ್ಯೇ?" ಎಂದು ತಲೆಯಿಂದ ಕೆಂಪು ಧೂಳು ಕೊಡವುತ್ತಿದ್ದಳು. ಹೊಸ ಪುಡಿ ತುಂಬಿದರೂ ಅದೇ ಕುಳ್ಳ ಗುಡ್ಡ. ಕೊನೆಗೆ ತಿಳಿಯಿತು, ತಪ್ಪು ಮೀಟರಿನದು. ಯಾವುದೋ ಕಾಲೇಜು ಬೇಡವೆಂದು ಕೊಟ್ಟ ಭಾರದ ಮುಳ್ಳು ಅದು, ಮಹಾ ಸೋಮಾರಿ. ಆವಿ ಬಂದು ಹೋದ ಮೇಲೂ ಅದು ಇನ್ನೂ ಹತ್ತುತ್ತಲೇ ಇರುತ್ತಿತ್ತು. ಮುಳ್ಳಿನ ಬದಲು ಬೆಳಕಿನ ಚುಕ್ಕಿ ಓಡುವ ಚುರುಕಾದ ಮೀಟರು ತಂದು ಹಾಕಿದರೆ ಗುಡ್ಡ ನೆಟ್ಟಗೆ ಎದ್ದು ನಿಂತಿತು! ಡಾಕ್ಟರು ಅವತ್ತು ಎಣ್ಣೆಮನೆಯವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ತರಿಸಿದರು.

ಆಮೇಲೆ ನನ್ನ ಕೈಯ ಸರದಿ. ಸೂಜಿ ಎಲ್ಲಿ ಮುರಿಯುತ್ತದೋ ಎಂದು ನಾನು ಹನಿಯನ್ನು ಮೆಲ್ಲಗೆ ಒತ್ತುತ್ತಿದ್ದೆ. ಹನಿ ಒಂದೇ ಏಟಿಗೆ ಒಳಗೆ ಹೋಗದೆ ಎಳೆದುಕೊಂಡು ಹೋದರೆ ಗುಡ್ಡವೂ ದಪ್ಪಗೆ ಊದಿಕೊಂಡು ಬರುತ್ತದೆ. ಡಾಕ್ಟರು ನೋಡಿ ನೋಡಿ, "ನೀನು ಎಮ್ಮೆಗೆ ಇಂಜೆಕ್ಷನ್ ಕೊಡ್ತಿಲ್ಲ ಕಣಮ್ಮ, ಯಂತ್ರಕ್ಕೆ. ಅದಕ್ಕೆ ನೋಯೋಲ್ಲ, ಒತ್ತು!" ಅಂದರು. ನಗು ಬಂದು ಕೈ ಸಡಿಲವಾಯಿತು, ಒತ್ತಿದೆ, ಗುಡ್ಡ ಸಣ್ಣಗಾಯಿತು. ಆ ಮೇಲೆ ನನ್ನ ಕೈಯ ಬಗ್ಗೆ ಯಾರೂ ಮಾತಾಡಿಲ್ಲ.

ಇಷ್ಟೆಲ್ಲ ಪಾಠ ಕಲಿತವರು ನಾವು. ಆದರೂ ಗೌರಮ್ಮನ ಎಣ್ಣೆಯ ವಿಷಯದಲ್ಲಿ ಮುಗ್ಗರಿಸಿದೆವು, ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಒಂದು ದಿನ ಕೊಳವೆ ಮತ್ತು ಹಿತ್ತಾಳೆಯ ಗಟ್ಟಿ ಸೇರುವ ಕೀಲಿನಲ್ಲಿ ಅನಿಲ ಸೋರತೊಡಗಿತು. ಸೋಪಿನ ನೀರು ಹಚ್ಚಿದರೆ ಬುಳುಬುಳು ಗುಳ್ಳೆ. ಎಷ್ಟು ಬಿಗಿದರೂ ನಿಲ್ಲದು. ವಾಷರು ತರಿಸಬೇಕೆಂದರೆ ವಾರಗಟ್ಟಲೆ ಕಾಯಬೇಕು. ಆಗ ಬಂದವನು ಬುಡನ್ ಸಾಬ್. ಎಣ್ಣೆಮನೆಯ ಹಂಡೆಗಳ ಮೇಸ್ತ್ರಿ. ನಮ್ಮಲ್ಲಿ ಬಟ್ಟಿ ಇಳಿಸುವವರೆಲ್ಲ ಹಂಡೆಯ ಮುಚ್ಚಳದ ಸಂದಿಗೆ ಉದ್ದಿನ ಹಿಟ್ಟಿಗೆ ಸುಣ್ಣ ಬೆರೆಸಿ ನಾದಿದ ಕಣಕವನ್ನು ಮೆತ್ತುತ್ತಾರೆ. ಬಿಸಿಗೆ ಅದು ಕಲ್ಲಾಗುತ್ತದೆ, ಒಂದು ಎಳೆ ಆವಿಯೂ ಆಚೆ ಹೋಗುವುದಿಲ್ಲ. "ಸಾಹೇಬ್ರೇ, ನಮ್ ಹಂಡೇಗೆ ಆಗಾದು ನಿಮ್ ಹಂಡೇಗೆ ಯಾಕ್ ಆಗಾಕಿಲ್ಲ?" ಎಂದು ಬುಡನ್ ಸಾಬ್ ಕೇಳಿದ. ಡಾಕ್ಟರ ಕಣ್ಣು ಹೊಳೆಯಿತು. ಕೀಲು ಬಿಚ್ಚಿ, ಸಂದಿಯೊಳಗೆಲ್ಲ ಕಣಕ ತುಂಬಿ, ಬಿಗಿದು, ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಡಾಕ್ಟರು ಬುಡನ್ ಸಾಬ್‌ನ ಬೆನ್ನು ತಟ್ಟಿ, "ಇಂಗ್ಲೆಂಡಿನಲ್ಲಿ ಯಾರಿಗೂ ಇದು ಹೊಳೆದಿಲ್ಲ ಕಣಯ್ಯ" ಎಂದರು. ಯಾಕೆ ಹೊಳೆದಿರಲಿಲ್ಲ ಎಂದು ಆಗ ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಅದಾದ ಮೇಲಿನ ಸಂತೆಯ ದಿನ ಹುಲ್ಲಿನ ಎಣ್ಣೆ ತಂದವಳು ಬಳ್ಳಿಗಾವಿ ಕಡೆಯ ಗೌರಮ್ಮ ಒಬ್ಬಳೇ. ಉಳಿದವರ ಹುಲ್ಲು ಇನ್ನೂ ಕೊಯ್ಲಿಗೆ ಬಂದಿರಲಿಲ್ಲ. ಗೌರಮ್ಮ ಎತ್ತರದ ಹೆಂಗಸು, ದೊಡ್ಡ ದನಿ, ಮಾತಾಡಿದರೆ ಅಂಗಳದ ಆಚೆ ತುದಿಯವರೂ ತಿರುಗಿ ನೋಡಬೇಕು. ಗಂಡ ಬಸಪ್ಪ ಹೊಲ ನೋಡಿಕೊಂಡರೆ ಹಂಡೆಯ ಕೆಲಸ ಇವಳದು ಮತ್ತು ಮೈದುನ ಚೆನ್ನವೀರನದು. ಅವಳ ಎಣ್ಣೆಯ ಹನಿಯನ್ನು ಚುಚ್ಚಿದೆ. ಗುಡ್ಡ ಎದ್ದಿತು. ಆದರೆ ಇಳಿಯುವ ಬದಿಯಲ್ಲಿ ಇಳಿದು ಮುಗಿಯಲೇ ಇಲ್ಲ! ಡಾಕ್ಟರು ಕೂಗುತ್ತಲೇ ಇದ್ದಾರೆ, ನಾನು ಚುಕ್ಕಿ ಇಡುತ್ತಲೇ ಇದ್ದೇನೆ, ಗುಡ್ಡದ ಹಿಂದೆ ಉದ್ದನೆಯ ಬಾಲ ಎಳೆದುಕೊಂಡೇ ಹೋಯಿತು.

ಡಾಕ್ಟರ ಮುಖ ಗಂಭೀರವಾಯಿತು. ಆ ಎಣ್ಣೆಯ ಮುಖ್ಯ ವಸ್ತುವಿನ ಹಿಂದೆಯೇ ನಿಧಾನವಾಗಿ ಏನೋ ಹೊರಬರುತ್ತಿದೆ ಎಂದರೆ ಯಾರೋ ಅದಕ್ಕೆ ಭಾರದ ಎಣ್ಣೆ ಬೆರೆಸಿದ್ದಾರೆ ಎಂದೇ ಅರ್ಥ ಎಂದರು. ಸ್ವಲ್ಪ ಸೀಮೆಎಣ್ಣೆ ಹಾಕಿದರೆ ಆ ಹುಲ್ಲಿನ ಘಮದಲ್ಲಿ ಮೂಗಿಗೂ ತಿಳಿಯುವುದಿಲ್ಲ. ಇನ್ನೊಂದು ಸಲ ಚುಚ್ಚು ಎಂದರು. ಚುಚ್ಚಿದೆ. ಅದೇ ಬಾಲ. "ಎರಡು ಸಲವೂ ಒಂದೇ ಥರ. ಇನ್ನು ಅನುಮಾನವೇ ಇಲ್ಲ" ಎಂದರು. ಹುಡುಗಿಯರೇ, ಈ ಮಾತನ್ನು ಗಮನಿಸಿ! ಕೆಟ್ಟ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ಅದೇ ತಪ್ಪು ತೂಕ ಬರುತ್ತದೆ ಎಂಬುದು ನಮಗೆ ಆ ಹೊತ್ತಿನಲ್ಲಿ ತಲೆಗೇ ಹೋಗಲಿಲ್ಲ.

ತೂಕದ ಅಂಗಳದಲ್ಲಿ ಜನ ನೆರೆದಿದ್ದರು. ಡಾಕ್ಟರು ಎಲ್ಲರೆದುರು ಬಾಲದ ಗುಡ್ಡ ತೋರಿಸಿ, "ಈ ಎಣ್ಣೆ ಕಲಬೆರಕೆ. ತಗೊಳ್ಳೋದಕ್ಕೆ ಆಗೋಲ್ಲ" ಎಂದರು. ಗುಮಾಸ್ತ ಡಬ್ಬಿಗೆ ಕೆಂಪು ಬಣ್ಣ ಬಳಿದು ಮೂಲೆಗೆ ಇಟ್ಟ. ಗೌರಮ್ಮ ಮೊದಲು ನಕ್ಕಳು, ತಮಾಷೆ ಎಂದುಕೊಂಡಳು. ಆಮೇಲೆ ಅವಳ ಮುಖ ಕಪ್ಪಿಟ್ಟಿತು. ಒಂದು ಮಾತೂ ಆಡದೆ ಹೋದಳು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಬಾಗಿಲು ತೆಗೆದರೆ ಗೌರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ಅಕ್ಕೋರೆ, ಡಾಕ್ಟ್ರು ಅದಾರೇನ್ರಿ?"

ಡಾಕ್ಟರು ಒಳಗಿದ್ದರು. ಅವಳು ನೇರ ಹೋಗಿ ಯಂತ್ರದ ಎದುರೇ ನಿಂತಳು.

"ನೋಡ್ರಿ, ನಾ ಜಗಳ ಮಾಡಾಕ ಬಂದಿಲ್ಲ. ಆ ಸಲದ ಎಣ್ಣಿ ಇಳಿಸುವಾಗ ನಾ ತವರುಮನಿಗೆ ಹೋಗಿದ್ದೆ. ಬೆಂಕಿ ಮುಂದ ಕೂತಾಂವ ನನ್ನ ಮೈದುನ ಒಬ್ಬನ. ಒಲಿ ಹೊತ್ಸಾಕ ಸೀಮೆಎಣ್ಣಿ ಡಬ್ಬಿ ಅಲ್ಲೇ ಇರತೈತಿ. ನೀವು ಹಂಗ ಅಂದ್ರಿ ಅಂತ ಗೊತ್ತಾದ ಕೂಡ್ಲೆ ನಮ್ಮನಿಯೋರು ಅವನ್ನ ಹಿಡಕೊಂಡ್ರು. 'ಯಂತ್ರ ಸುಳ್ಳು ಹೇಳತೈತೇನೋ, ಕಳ್ಳ' ಅಂದ್ರು. ಮನಿಯಿಂದ ಹೊರಗ ಹಾಕಿದ್ರು. ಉಟ್ಟ ಬಟ್ಟಿಮ್ಯಾಲೆ ಹೋದ. ಈಗ ಇಲ್ಲೇ ಶಿರಾಳಕೊಪ್ಪದಾಗ ಮೂಟಿ ಹೊರತಾನಂತ."

ಅವಳು ಮೊಣಕಾಲೆತ್ತರಕ್ಕೆ ಕೈ ಹಿಡಿದು ತೋರಿಸಿದಳು. "ನಾ ಮದುವಿಯಾಗಿ ಬಂದಾಗ ಅಂವ ಇಷ್ಟಿದ್ದ. ನನ್ನ ಕೈಯಾಗ ಉಂಡು ಬೆಳೆದಾಂವ. ಅಂವ ಮಾಡ್ಯಾನ ಅಂದ್ರ ಇನ್ನೊಂದ್ಸಲ ನೋಡಿ ಹೇಳ್ರಿ, ನಾ ಒಪ್ಪಿಕೊಂತೀನಿ. ಮಾಡಿಲ್ಲ ಅಂದ್ರ ಅದನ್ನೂ ನೀವ ಹೇಳಬೇಕು."

ಡಾಕ್ಟರು ಮೆತ್ತಗೆ, "ನೋಡಮ್ಮ, ಎರಡು ಸಲ ನೋಡಿದೀವಿ" ಎಂದರು.

"ನನ್ನದನ್ನ ನೋಡೀರಿ. ನಿಮ್ಮದನ್ನ ನೋಡೀರೇನು?" ಗೌರಮ್ಮನ ಹಳೆಯ ದನಿ ವಾಪಸು ಬಂತು. "ಈ ಸಾಬಣ್ಣ ಇಳಿಸಿದ ಎಣ್ಣಿ ಹಾಕ್ರಿ ನೋಡಾಣ! ಅದಕ್ಕೆ ಬಾಲ ಬರಂಗಿಲ್ಲ ಅಂತ ಏನು ಗ್ಯಾರಂಟಿ?"

ಸಿಟ್ಟಿನಲ್ಲಿ ಆಡಿದ ಮಾತು ಅದು. ಬಾಗಿಲಲ್ಲಿ ನಿಂತಿದ್ದ ಬುಡನ್ ಸಾಬ್ ಎದೆ ಸೆಟೆಸಿಕೊಂಡು, "ಹಾಕ್ರಿ ಸಾಹೇಬ್ರೇ! ನನ್ ಎಣ್ಣೆ ಗಂಗಾಜಲ ಇದ್ದಂಗೆ ಐತೆ" ಎಂದು ತಾನೇ ಹೋಗಿ ಸೀಸೆ ತಂದ. ಚುಚ್ಚಿದೆ. ಗುಡ್ಡ ಎದ್ದಿತು, ಇಳಿಯಿತು, ಬಾಲ ಎಳೆಯಿತು!

ಬುಡನ್ ಸಾಬ್ ಕಾಗದವನ್ನು ಕಿತ್ತುಕೊಂಡು ತಿರುಗಿಸಿ ಮುರುಗಿಸಿ ನೋಡಿದ. "ಯಾ ಅಲ್ಲಾ! ನಂಗೂ ಬಾಲ?" ಎಂದು ತಲೆ ಮೇಲೆ ಕೈ ಹೊತ್ತು ಕೂತ. ಗೌರಮ್ಮ, "ಇವನ್ನೂ ಮನಿಯಿಂದ ಹೊರಗ ಹಾಕ್ರಿ" ಎಂದಳು. ಡಾಕ್ಟರು ಮಾತ್ರ ಗೌರಮ್ಮನ ಕಾಗದವನ್ನೂ ತಂದು ಎರಡನ್ನೂ ಪಕ್ಕಪಕ್ಕ ಇಟ್ಟರು. ಬುಡನ್ ಸಾಬ್‌ನ ಎಣ್ಣೆಯನ್ನು ಅವರು ಹಿಂದೆ ಎಷ್ಟೋ ಸಲ ನೋಡಿದ್ದರು, ಬಾಲ ಇರಲಿಲ್ಲ. ಆದರೂ ಈ ಸಲದ್ದು ಕೆಟ್ಟಿದ್ದರೂ ಇರಬಹುದಲ್ಲ! ಎರಡು ಎಣ್ಣೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಎರಡೂ ಕೆಟ್ಟವೋ, ಎರಡೂ ಒಳ್ಳೆಯವೋ ಹೇಳುವವರು ಯಾರು? ಯಾರೂ ಸಂಶಯ ಪಡಲಾಗದ ಒಂದು ವಸ್ತು ಬೇಕಿತ್ತು.

ಅದು ನಮ್ಮ ಕಪಾಟಿನಲ್ಲೇ ಇತ್ತು. ಡಾಕ್ಟರು ಇಂಗ್ಲೆಂಡಿನಿಂದ ಬರುವಾಗ ಅವರ ಗುರುಗಳು ಕೊಟ್ಟ ಒಂದು ಪುಟ್ಟ ಗಾಜಿನ ಕೊಳವೆ. ಬಾಯಿ ಕರಗಿಸಿ ಮುಚ್ಚಿದ್ದು. ಒಳಗೆ ಒಂದೇ ಒಂದು ವಸ್ತು, ಪರಿಮಳದ ಎಣ್ಣೆಗಳಲ್ಲಿರುವ ಜೆರಾನಿಯಾಲ್, ಪರಿಶುದ್ಧವಾದದ್ದು. ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದರು. ಒಡೆದರೆ ಮುಗಿಯಿತು, ಮತ್ತೆ ಮುಚ್ಚಲಾಗದು, ಅಂಥದ್ದು ಇನ್ನೊಂದು ಸಿಗುವ ಕಾಲವೂ ಅದಲ್ಲ. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ:

"ಸಾರ್, ಆ ಗಾಜಿನ ಕೊಳವೆ ಒಡೆಯೋಣ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಗೌರಮ್ಮ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಡಾಕ್ಟರು ಎದ್ದು ಕಪಾಟಿಗೆ ಹೋದರು. ಹತ್ತಿ ಬಿಚ್ಚಿದರು. "ಮೂಟೆ ಹೊರ್ತಿದಾನೆ ಅಂದೆಯಲ್ಲಮ್ಮ?" ಎಂದು ಗೌರಮ್ಮನನ್ನು ಕೇಳಿದರು. ಅವಳು ಹೂಂ ಎಂದಳು. ಅವರು ಗಾಜಿನ ಕುತ್ತಿಗೆಯನ್ನು ಅರದಿಂದ ಗೀರಿ ಪಟ್ಟೆಂದು ಮುರಿದರು.

ನಾನು ಚುಚ್ಚಿದೆ. ಆ ದಿನದಷ್ಟು ಚೆನ್ನಾಗಿ ನನ್ನ ಕೈ ಇನ್ಯಾವತ್ತೂ ಒತ್ತಿಲ್ಲ. ಡಾಕ್ಟರು ಬೆಳಕಿನ ಚುಕ್ಕಿ ನೋಡಿ ಕೂಗಿದರು, ನಾನು ಕಾಗದದ ಮೇಲೆ ಇಟ್ಟೆ. ಏರಿತು. ಏರಿತು. ತುದಿ ಮುಟ್ಟಿತು. ಇಳಿಯತೊಡಗಿತು. ಅರ್ಧ ಇಳಿದ ಮೇಲೆ ಚುಕ್ಕಿ ಕೆಳಗೆ ಬರಲೊಲ್ಲದು! ಒಂದೇ ಒಂದು ವಸ್ತು, ಜಗತ್ತಿನಲ್ಲಿ ಯಾರೂ ಏನೂ ಬೆರೆಸದ ವಸ್ತು, ಅದಕ್ಕೂ ಬಾಲ, ಗೌರಮ್ಮನ ಎಣ್ಣೆಗಿಂತ ಉದ್ದದ ಬಾಲ!

"ಬಾಲ ನಮ್ಮದು! ಸಾರ್, ಬಾಲ ನಮ್ಮದೇ!" ಎಂದು ಕಿರುಚಿದೆ. ನಾನು ಕುಣಿದ ರಭಸಕ್ಕೆ ಮೇಜು ಅಲ್ಲಾಡಿ ಬೆಳಕಿನ ಚುಕ್ಕಿ ಗೋಡೆಯ ಮೇಲೆಲ್ಲ ಓಡಾಡಿತು. ಡಾಕ್ಟರು ಬೈಯಲಿಲ್ಲ. ಅವರೂ ನಿಂತಲ್ಲೇ ಎರಡು ಸಲ ಹಾರಿದರು. ತಮ್ಮ ಯಂತ್ರವೇ ತಪ್ಪಿತಸ್ಥ ಎಂದು ತಿಳಿದು ಹೀಗೆ ಖುಷಿಪಡುವವರನ್ನು ಗೌರಮ್ಮ ಎಲ್ಲೂ ಕಂಡಿರಲಿಕ್ಕಿಲ್ಲ. "ಏನಾತ್ರೀ ಇವ್ರಿಗೆ?" ಎಂದು ಬುಡನ್ ಸಾಬ್‌ನನ್ನು ಕೇಳಿದಳು.

ಇನ್ನು ಕಳ್ಳನನ್ನು ಹಿಡಿಯುವುದೊಂದೇ ಬಾಕಿ. ಯಾವತ್ತಿನಿಂದ ಬಾಲ ಶುರುವಾಯಿತು? ಕೀಲಿಗೆ ಮೆತ್ತಿದ ದಿನದಿಂದ. ಇಬ್ಬರೂ ಒಟ್ಟಿಗೇ ಬುಡನ್ ಸಾಬ್‌ನ ಕಡೆ ತಿರುಗಿದೆವು. ಯಂತ್ರ ಆರಿಸಿ, ತಣಿಯಲು ಬಿಟ್ಟು, ಕೀಲು ಬಿಚ್ಚಿದೆವು. ಒಳಗೆ ಉದ್ದಿನ ಹಿಟ್ಟು ಸೀದು ಕರೀ ಬಳೆಯ ಹಾಗೆ ಅಂಟಿಕೊಂಡಿತ್ತು. ಮೂಗಿಗೆ ಹಿಡಿದರೆ ಮಜ್ಜಿಗೆ ಹುಲ್ಲಿನ ಘಮ! ಇದ್ದಿಲಾದ ಆ ಹಿಟ್ಟು ಹಾದುಹೋಗುವ ಆವಿಯನ್ನು ಹೀರಿಕೊಂಡು ಇಟ್ಟುಕೊಳ್ಳುತ್ತಿತ್ತು, ಆಮೇಲೆ ನಿಧಾನವಾಗಿ ಒಂದಿಷ್ಟಿಷ್ಟೇ ವಾಪಸು ಬಿಡುತ್ತಿತ್ತು. ಹಾಗೆ ಬಿಟ್ಟದ್ದೇ ಬಾಲ. ಹಂಡೆಯಲ್ಲಿ ಮಣಗಟ್ಟಲೆ ಹುಲ್ಲು ಬೇಯುತ್ತದೆ, ಅಲ್ಲಿ ಮುಚ್ಚಳದ ಹಿಟ್ಟು ಒಂದಿಷ್ಟು ಹೀರಿದರೆ ಯಾರಿಗೆ ಗೊತ್ತಾಗುತ್ತದೆ? ಇಲ್ಲಿ ಇರುವುದೇ ಒಂದು ಸಣ್ಣ ಹನಿ. ಡಾಕ್ಟರು ಬುಡನ್ ಸಾಬ್‌ಗೆ, "ನೀನು ಹೇಳಿದ್ದರಲ್ಲಿ ತಪ್ಪಿಲ್ಲ ಮಾರಾಯ, ಹಂಡೆ ಬೇರೆ ಇದು ಬೇರೆ ಅಂತ ಯೋಚನೆ ಮಾಡಬೇಕಿದ್ದೋನು ನಾನು" ಎಂದರು.

ಒಡೆದುಹೋದ ಬ್ಯಾಟರಿಯ ಸೀಸವನ್ನು ತಟ್ಟಿ ತೆಳ್ಳಗಿನ ಬಳೆ ಮಾಡಿದೆವು. ಸಂದಿಯನ್ನು ಉಜ್ಜಿ ತೊಳೆದು, ಕೊಳವೆಯ ತುದಿಯನ್ನು ತಂತಿಯ ಹತ್ತಿರಕ್ಕೇ ಒಯ್ದು, ಆವಿ ನಿಂತು ಹರಟೆ ಹೊಡೆಯಲು ಒಂದಿಷ್ಟೂ ಜಾಗವಿಲ್ಲದಂತೆ ಸೀಸದ ಬಳೆಯಿಟ್ಟು ಬಿಗಿದೆವು. ಗೌರಮ್ಮ ಊಟವನ್ನೂ ಮಾಡದೆ ಕೂತಿದ್ದಳು. ಸಂಜೆಯ ಹೊತ್ತಿಗೆ ಕೆಂಪು ಬಣ್ಣದ ಡಬ್ಬಿಯಿಂದ ಅವಳ ಎಣ್ಣೆ ತೆಗೆದು ಚುಚ್ಚಿದೆ. ಎರಡೂ ಬದಿ ಒಂದೇ ಸಮ, ತುದಿ ಚೂಪು, ಹಿಂದೆ ಬಟ್ಟಬಯಲು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಚೆಂದದ ಗುಡ್ಡವನ್ನು ನಾನು ನೋಡಿಲ್ಲ, ಈಗಿನ ಕಂಪ್ಯೂಟರಿನ ಪರದೆಯ ಮೇಲೂ ನೋಡಿಲ್ಲ.

ಡಾಕ್ಟರು ಕೈಮುಗಿದು, "ನಿನ್ನ ಎಣ್ಣೆ ಶುದ್ಧವಾಗಿದೆ ಕಣಮ್ಮ" ಎಂದರು.

"ನಂಗ್ಯಾಕ ಹೇಳತೀರಿ? ನಂಗ ಗೊತ್ತಿತ್ತು" ಎಂದು ಗೌರಮ್ಮ ಸೆರಗು ಬಿಗಿದು ಎದ್ದಳು. "ಹೇಳಬೇಕಾದೋರಿಗೆ ಬಂದು ಹೇಳ್ರಿ."

ಮರುದಿನ ಮೊದಲ ಬಸ್ಸಿಗೆ ಡಾಕ್ಟರೂ ನಾನೂ ಬಳ್ಳಿಗಾವಿಗೆ ಹೋದೆವು. ಬಸಪ್ಪ ಕೊಟ್ಟಿಗೆಯ ಮುಂದೆ ನೇಗಿಲು ರಿಪೇರಿ ಮಾಡುತ್ತಿದ್ದ. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು, ಸೀದ ಹಿಟ್ಟಿನ ಬಳೆಯನ್ನೂ ಜೇಬಿನಿಂದ ತೆಗೆದು ತೋರಿಸಿದರು. ಬಸಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ನೀವು ಬಿಚ್ಚಿ ಕೆಟ್ಟದ್ದು ಹೊರಗ ತೆಗೆದ್ರಿ" ಎಂದ. "ನಾ ಅವಂಗೆ ಅಂದ ಮಾತು ಹೆಂಗ ತೆಗೀಲ್ರಿ? ಕಳ್ಳ ಅಂದೀನಿ ಅವನ್ನ. ಊರ ಮುಂದ ಅಂದೀನಿ."

"ನಾನೂ ಅಂಗಳದಲ್ಲಿ ಎಲ್ಲರ ಮುಂದೆ ಅಂದೋನೇ. ಸಂತೆ ದಿನ ಬನ್ನಿ, ನಾನು ಹೇಳ್ತೀನಿ" ಎಂದರು ಡಾಕ್ಟರು.

ಸಂತೆಯ ದಿನ ತೂಕದ ಅಂಗಳ ತುಂಬಿತ್ತು. ಆನವಟ್ಟಿ ಕಡೆಯವರೂ ಅವತ್ತು ಎಣ್ಣೆ ತಂದಿದ್ದರು. ಡಾಕ್ಟರು ಮೆಟ್ಟಿಲ ಮೇಲೆ ನಿಂತು ಹೇಳಿದರು. ಯಂತ್ರ ತನ್ನದು, ಕಟ್ಟಿದ್ದು ತಾನು, ಕೀಲಿನಲ್ಲಿದ್ದ ತಪ್ಪನ್ನು ಎಣ್ಣೆಯ ತಪ್ಪೆಂದು ಓದಿದ್ದು ತಾನು, ಗೌರಮ್ಮನ ಮನೆಯಲ್ಲಿ ಯಾರೂ ಏನೂ ಬೆರೆಸಿಲ್ಲ. ಉದ್ದಿನ ಹಿಟ್ಟಿನ ಮಾತು ಬಂದಾಗ ಬುಡನ್ ಸಾಬ್‌ನೇ ಮೊದಲು ನಕ್ಕ, ಆಮೇಲೆ ಅಂಗಳವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನನಗೆ ನಗು ಬರಲಿಲ್ಲ. ಗೇಟಿನ ಆಚೆ, ಗೋಣಿಚೀಲವನ್ನು ತಲೆಯ ಮೇಲೆ ಮಡಿಸಿ ಹಾಕಿಕೊಂಡು ಒಬ್ಬ ಯುವಕ ನಿಂತಿದ್ದ. ಗೌರಮ್ಮ ಹೇಳಿ ಕಳಿಸಿದ್ದಳು. ಅವನು ಒಳಗೆ ಬರಲಿಲ್ಲ.

ತೂಕ ಶುರುವಾಯಿತು. ಗುಮಾಸ್ತ ಪ್ರತಿ ಡಬ್ಬಿಗೂ ಯಾರದೆಂದು ಕೇಳಿ, ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುವುದು ಪದ್ಧತಿ. ಕೆಂಪು ಬಣ್ಣದ ಡಬ್ಬಿಯ ಸರದಿ ಬಂತು.

"ಇದು ಯಾರ್ದ್ರೀ?" ಎಂದ.

ಬಸಪ್ಪ ಡಬ್ಬಿಯ ಪಕ್ಕದಲ್ಲೇ ನಿಂತಿದ್ದ. ಆ ಮನೆಯ ಎಣ್ಣೆಗೆ ಯಾವಾಗಲೂ ಕೂಗುತ್ತಿದ್ದದ್ದು ಅವನ ಹೆಸರನ್ನೇ, ಈಗ ಅವನು ಅದನ್ನು ಹೇಳಲಿಲ್ಲ. ಗುಮಾಸ್ತ ಮತ್ತೊಮ್ಮೆ ಕೇಳಿದ. ಬಸಪ್ಪ ಗೇಟಿನ ಕಡೆ ನೋಡಿದ.

"ನನ್ನ ತಮ್ಮಂದು" ಎಂದ. "ಚೆನ್ನವೀರಪ್ಪಂದು ಅಂತ ಕೂಗ್ರಿ. ಜೋರಾಗಿ ಕೂಗ್ರಿ."

ಗುಮಾಸ್ತ ಕೂಗಿದ. ಬಸಪ್ಪ ಬಗ್ಗಿ ಡಬ್ಬಿಗೆ ಕೈ ಹಾಕಿದ. ಗೌರಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ. ಗೇಟಿನ ಕಡೆಯಿಂದ ಯಾರೋ ಜನರನ್ನು ಸರಿಸಿಕೊಂಡು ಓಡಿಬಂದ ಸದ್ದಾಯಿತು, ಗೋಣಿಚೀಲ ನೆಲಕ್ಕೆ ಬಿತ್ತು.

"ಬಿಡಣ್ಣ, ನೀ ಎತ್ತಬ್ಯಾಡ" ಎಂದ ಚೆನ್ನವೀರ. "ನಿನ್ನ ಸೊಂಟ ಸರಿಯಿಲ್ಲ."